ಎರಡನೇ ಹಾಡಿಗೇ ಎದ್ದು ಹೋಗಬೇಡ

ಮಗಳೇ,

ಹೋದ ಶನಿವಾರ ಸಂಜೆ ನೀನು ತಾರಸಿ ಮೇಲೆ ಫೋನು ಹಿಡಿದು ಕೂತಿದ್ದೆ. ಕೆಳಗೆ ನಿಮ್ಮಪ್ಪ ರಾಯಕೋಟೆ ಮಂಡಿಗೆ ಹೋಗುವ ಟೆಂಪೋಗೆ ಟೊಮೆಟೊ ಕ್ರೇಟು ಏರಿಸುತ್ತಿದ್ದ. ಮೂವತ್ತು ಕ್ರೇಟು ಏರುವಷ್ಟರಲ್ಲಿ ನೀನು ಹನ್ನೊಂದು ಹಾಡು ಬದಲಾಯಿಸಿದೆ. ಎರಡನ್ನೂ ಎಣಿಸಿದವನು ನಾನೇ. ವಯಸ್ಸಾದವರಿಗೆ ಸಂಜೆ ಹೊತ್ತು ಇನ್ನೇನು ಕೆಲಸ ಹೇಳು. ಒಂದು ಹಾಡೂ ಪಲ್ಲವಿ ದಾಟಲಿಲ್ಲ. ಯಾಕಮ್ಮ ಅಂದರೆ, 'ಯಾವುದೂ ಹಿಡೀತಿಲ್ಲ ದೊಡ್ಡಪ್ಪ' ಅಂದೆ. ಹಿಡಿಯೋಕೆ ನೀನು ಬಿಟ್ಟರೆ ತಾನೇ?

ಮಧ್ಯದಲ್ಲಿ ಒಂದು ಹಾಡಿನಲ್ಲಿ ತಂತಿ ಜಾರುವ ಸದ್ದು ಬಂತು. ನನ್ನ ಕಿವಿ ನೆಟ್ಟಗಾಯಿತು. 'ಅದನ್ನು ಇನ್ನೊಂದು ಸಲ ಹಾಕು' ಅಂದೆ. ಬೆಂಗಳೂರಿನ ಆಫೀಸಿನಲ್ಲಿ ಯಾರೋ ಗೆಳತಿ ಕಳಿಸಿದ ಅಮೆರಿಕದ ಆಲ್ಬಂ, ಕಂಟ್ರಿ-ಪಾಪ್ ಅಂತಾರೆ, ಇನ್ನೂ ಪೂರ್ತಿ ಕೇಳಿಲ್ಲ ಅಂದೆ ನೀನು. ಆ ರಾತ್ರಿ ನೀನು ಮಲಗಿದ ಮೇಲೆ ನಿಮ್ಮಪ್ಪನ ಫೋನಿನಲ್ಲಿ ನಾನು ಪೂರ್ತಿ ಕೇಳಿದೆ. ಆಮೇಲೆ ಈ ವಾರದಲ್ಲಿ ಇನ್ನೂ ನಾಲ್ಕು ಸಲ. ಅದಕ್ಕೇ ಈ ಪತ್ರ. ನೀನು ಹೊಸೂರಿನ ಬಸ್ಸಲ್ಲಿ ಕೂತು ಓದಿಕೊ. ಎದುರಿಗೆ ಹೇಳಿದರೆ ನಡುವೆ ಫೋನು ಬರುತ್ತೆ ನಿನಗೆ.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಹಾಡುಗಳನ್ನು ತುಂಡು ತುಂಡು ಮಾಡಿ ಕೇಳುವ ರೋಗವನ್ನು ಈ ಸೀಮೆಗೆ ಅಂಟಿಸಿದವರಲ್ಲಿ ನಾನೂ ಒಬ್ಬ. ಹೊಸೂರು ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಕ್ಯಾಸೆಟ್ ರೆಕಾರ್ಡಿಂಗ್ ಅಂಗಡಿ ಇತ್ತು, ನಿನಗೆ ಗೊತ್ತು. ಎಂಟಡಿ ಅಗಲ, ಎರಡು ಡೆಕ್ಕು, ಗೋಡೆ ತುಂಬ ಕ್ಯಾಸೆಟ್ಟು. ಗಿರಾಕಿಗಳು ಸಿಗರೇಟು ಪ್ಯಾಕಿನ ಹಿಂದೆ, ಬಸ್ ಟಿಕೆಟ್ಟಿನ ಹಿಂದೆ ಹಾಡಿನ ಪಟ್ಟಿ ಬರೆದು ತರುತ್ತಿದ್ದರು. ಕಾರ್ಖಾನೆಯ ಹುಡುಗರದು ಇಳಯರಾಜ, ತಳಿ ಕಡೆಯಿಂದ ಬರುವವರದು ರಾಜ್‌ಕುಮಾರ್, ಶೂಲಗಿರಿಯವರದು ಘಂಟಸಾಲ. ಒಂದೇ ಪಟ್ಟಿಯಲ್ಲಿ ಮೂವರೂ ಇರುತ್ತಿದ್ದದ್ದೂ ಉಂಟು. ಅರವತ್ತರ ಕ್ಯಾಸೆಟ್ಟಾದರೆ ಮಗ್ಗುಲಿಗೆ ಅರ್ಧ ಗಂಟೆ, ತೊಂಬತ್ತರದ್ದಾದರೆ ಮುಕ್ಕಾಲು ಗಂಟೆ. ಸಾಯಂಕಾಲ ಬಂದು ತಗೊಳ್ಳಿ ಅಂತ ಚೀಟಿ ಕೊಡುತ್ತಿದ್ದೆ. ಕಾನೂನಿನ ಪ್ರಕಾರ ಅದು ಕಳ್ಳ ಕಸುಬೇ. ಆಗ ಯಾರಿಗೂ ಹಾಗೆ ಅನ್ನಿಸುತ್ತಿರಲಿಲ್ಲ, ಅದು ಬೇರೆ ಮಾತು.

ಮಗ್ಗುಲಿನ ಕೊನೆಗೆ ಒಂದೋ ಒಂದೂವರೆಯೋ ನಿಮಿಷ ಟೇಪು ಉಳಿಯುತ್ತಿತ್ತು. ಆ ಜಾಗ ಖಾಲಿ ಬಿಟ್ಟರೆ ಗಿರಾಕಿ 'ಕಾಸು ಕೊಟ್ಟಿಲ್ವಾ?' ಅಂತ ಜಗಳಕ್ಕೆ ಬರುತ್ತಿದ್ದ. ಅದಕ್ಕೆ ನನ್ನ ಹತ್ತಿರ ಪುಟ್ಟ ಪುಟ್ಟ ಹಾಡುಗಳ ಒಂದು ಸಂಗ್ರಹವೇ ಇತ್ತು. ಸಿನಿಮಾದ ಟೈಟಲ್ ಮ್ಯೂಸಿಕ್ಕು, ಯಾವುದೋ ಶ್ಲೋಕ, ಅರ್ಧಕ್ಕೆ ಕತ್ತರಿಸಿದ ಡ್ಯುಯೆಟ್ಟು. ಜಾಗ ತುಂಬೋ ಹಾಡು ಅಂತಲೇ ಅವಕ್ಕೆ ಹೆಸರು. ಒಂದು ಸಲ ಕನ್ನಡ ಮೇಷ್ಟ್ರೊಬ್ಬರು 'ನಿತ್ಯೋತ್ಸವ' ಬೇಕು ಅಂದರು. ನಿಸಾರ್ ಅಹಮದರ ಪದ್ಯಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿ 1978ರಲ್ಲಿ ತಂದರಲ್ಲ, ಆ ಧ್ವನಿಸುರುಳಿ. ಸಿನಿಮಾದ ಹಂಗಿಲ್ಲದೆ ಕನ್ನಡ ಹಾಡುಗಳ ಒಂದು ಕ್ಯಾಸೆಟ್ಟು ಮನೆ ಮನೆಗೆ ಹೋಗಬಹುದು ಅಂತ ತೋರಿಸಿಕೊಟ್ಟದ್ದು ಅದು. ಮಾಡಿಕೊಟ್ಟೆ. ಕೊನೆಗೆ ಉಳಿದ ಜಾಗಕ್ಕೆ ಅಭ್ಯಾಸ ಬಲದಿಂದ ಒಂದು ಸಿನಿಮಾ ತುಣುಕು ತುರುಕಿದ್ದೆ. ಮೂರನೇ ದಿನ ಮೇಷ್ಟ್ರು ಕ್ಯಾಸೆಟ್ಟು ವಾಪಸು ತಂದರು. ಬೈಯಲಿಲ್ಲ. 'ಕೊನೇದು ಅಳಿಸಿಕೊಡಿ. ಖಾಲಿ ಇದ್ದರೆ ಇರಲಿ ಬಿಡಿ' ಅಂದು, ಅಳಿಸೋವರೆಗೂ ನಿಂತೇ ಇದ್ದು ತಗೊಂಡು ಹೋದರು. ಅವರ ತಲೆಯೊಳಗೆ ಏನಿತ್ತು ಅಂತ ನನಗೆ ಅರ್ಥವಾಗೋಕೆ ಬಹಳ ವರ್ಷ ಹಿಡಿಯಿತು.

ಈಗ ನಿನ್ನ ಆಲ್ಬಂಗೆ ಬರೋಣ. ಹೆಸರು 'ಗೋಲ್ಡನ್ ಅವರ್' ಅಂದಾಗ ನನಗೆ ಹೈವೇ ಪಕ್ಕದ ಆಸ್ಪತ್ರೆ ಬೋರ್ಡು ನೆನಪಾಯಿತು. ಅಪಘಾತವಾದ ಮೊದಲ ಒಂದು ಗಂಟೆಗೆ ಡಾಕ್ಟರು ಹಾಗಂತಾರಲ್ಲ. ಆಮೇಲೆ ನೀನೇ ಹೇಳಿದೆ, ಸೂರ್ಯ ಇಳಿಯುವಾಗಿನ ಬಂಗಾರದ ಬೆಳಕಿಗೆ ಫೋಟೋ ತೆಗೆಯುವವರು ಇಟ್ಟ ಹೆಸರು ಅಂತ. ನಾವು ಅದನ್ನು ಗೋಧೂಳಿ ಅಂತಿದ್ದೆವು. ಈಗ ನಮ್ಮೂರಲ್ಲಿ ಆ ಹೊತ್ತಿಗೆ ಧೂಳು ಎಬ್ಬಿಸೋದು ಲಾರಿ, ಹಸು ಅಲ್ಲ. ಆದರೆ ಬೆಳಕು ಅದೇ.

ಹಾಡಿದಾಕೆ ಕೇಸಿ ಮಸ್‌ಗ್ರೇವ್ಸ್. 1988ರಲ್ಲಿ ಹುಟ್ಟಿದವಳು, ಟೆಕ್ಸಸ್ಸಿನವಳು. ಬೆಳೆದ ಊರಿನ ಹೆಸರೂ ಗೋಲ್ಡನ್ನೇ. ನಮ್ಮ ಉದ್ದನಪಲ್ಲಿಗಿಂತ ಎಷ್ಟೋ ಸಣ್ಣದು. ಅಲ್ಲಿ ಗೆಣಸಿನ ಜಾತ್ರೆ ಮಾಡುತ್ತಾರಂತೆ! ಗೆಣಸಿಗೆ ಜಾತ್ರೆ ಮಾಡುವ ಊರಿನವಳು ಅಂದ ಮೇಲೆ ನನಗೆ ಅರ್ಧ ನಂಬಿಕೆ ಬಂತು. ಆಲ್ಬಂ ಬಂದದ್ದು 2018ರ ಮಾರ್ಚಿ ಕೊನೆಗೆ. ನ್ಯಾಶ್‌ವಿಲ್ಲಿನಲ್ಲಿ ಇನ್ನೊಬ್ಬ ಗಾಯಕಿ ಶೆರಿಲ್ ಕ್ರೋ ಅವರ ಕುದುರೆ ಲಾಯದ ಮೇಲಿನ ಸ್ಟುಡಿಯೋದಲ್ಲಿ ಕೂತು ಬಹುಪಾಲು ಮುದ್ರಿಸಿದ್ದಾರೆ. ಮಾರನೇ ವರ್ಷ ಆ ವರ್ಷದ ಅತ್ಯುತ್ತಮ ಆಲ್ಬಂ ಅನ್ನುವ ಗ್ರ್ಯಾಮಿ ಸೇರಿ ನಾಲ್ಕು ಗ್ರ್ಯಾಮಿ ಬಂತು. ಅಲ್ಲಿನ ಕಂಟ್ರಿ ರೇಡಿಯೋದವರು ಮಾತ್ರ ಇದು ನಮ್ಮದಲ್ಲ ಅನ್ನುವ ಹಾಗೆ ಹೆಚ್ಚು ಹಾಕಲೇ ಇಲ್ಲ. ಯಾವ ಊರಲ್ಲೂ ಜಾತಿ ಕೇಳುವವರು ಇರುತ್ತಾರೆ ಬಿಡು.

ಆ ಜಾರುವ ತಂತಿ ಇದೆಯಲ್ಲ, ಅದು ನನ್ನ ಹಳೇ ನಂಟು. ನಾನು ಹುಡುಗನಾಗಿದ್ದಾಗ ಆಕಾಶವಾಣಿ ಬೆಂಗಳೂರು 612 ಕಿಲೋಹರ್ಟ್ಸಿನಲ್ಲಿ ಇಲ್ಲಿಗೆ ಗಂಟೆ ಹೊಡೆದ ಹಾಗೆ ಕೇಳುತ್ತಿತ್ತು. ಎರಡು ಕಾರ್ಯಕ್ರಮದ ನಡುವೆ ಹೊತ್ತು ಉಳಿದರೆ ಹವಾಯನ್ ಗಿಟಾರಿನಲ್ಲಿ ನುಡಿಸಿದ ಯಾವುದೋ ಸಿನಿಮಾ ಧಾಟಿ ಹಾಕುತ್ತಿದ್ದರು. ನೋಡಿದೆಯಾ, ಅವರದ್ದೂ ಜಾಗ ತುಂಬೋ ಹಾಡೇ. ಗಿಟಾರನ್ನು ತೊಡೆ ಮೇಲೆ ಅಂಗಾತ ಮಲಗಿಸಿಕೊಂಡು, ಉಕ್ಕಿನ ತುಂಡೊಂದನ್ನು ತಂತಿ ಮೇಲೆ ಜಾರಿಸುವುದು. ಹವಾಯಿ ದ್ವೀಪದ ಜೋಸೆಫ್ ಕೆಕುಕು ಅನ್ನುವ ಹುಡುಗ ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಕಂಡುಹಿಡಿದದ್ದು ಅನ್ನುತ್ತಾರೆ. ಅದು ಒಂದು ಕಡೆ ಅಮೆರಿಕಕ್ಕೆ ಹೋಗಿ, ಕಾಲಲ್ಲಿ ಒತ್ತುವ ಪೆಡಲು ಹಚ್ಚಿಸಿಕೊಂಡು ಕಂಟ್ರಿ ಸಂಗೀತದ ಗುರುತೇ ಆಗಿಬಿಟ್ಟಿತು. ಇನ್ನೊಂದು ಕಡೆ ನಮ್ಮ ದೇಶಕ್ಕೆ ಬಂದು ವಿಶ್ವಮೋಹನ ಭಟ್ಟರ ಕೈಯಲ್ಲಿ ಮೋಹನವೀಣೆಯಾಗಿ 1994ರಲ್ಲಿ ಗ್ರ್ಯಾಮಿ ತಂದಿತು. ಸ್ವರದಿಂದ ಸ್ವರಕ್ಕೆ ನೆಗೆಯದೆ ಜಾರಿಕೊಂಡು ಹೋಗುವುದು ನಮ್ಮ ಕಿವಿಗೆ ಹೊಸದೇನಲ್ಲ. ಆ ಹುಡುಗಿಯ ಹಾಡಿನಲ್ಲಿ ಟೆಕ್ಸಸ್ ಇದೆಯೋ ಇಲ್ಲವೋ, ನನಗೆ ನಮ್ಮಪ್ಪನ ಮರ್ಫಿ ರೇಡಿಯೋ ಕೇಳಿಸಿತು.

ನಾಲ್ಕನೇ ಹಾಡು ಶುರುವಾಗುವುದು ಒಂದು ಯಂತ್ರದ ದನಿಯಿಂದ. ಮನುಷ್ಯರ ಮಾತನ್ನು ಯಂತ್ರದೊಳಗೆ ಹಾಯಿಸಿ ತೆಗೆದ ಹಾಗಿದೆ. ಅದರ ಬೆನ್ನಿಗೇ ಬ್ಯಾಂಜೊ. ಆಫ್ರಿಕಾದಿಂದ ಗುಲಾಮರಾಗಿ ಹೋದವರು ಸೋರೆಬುರುಡೆಗೆ ತೊಗಲು ಬಿಗಿದು ಮಾಡಿಕೊಂಡ ವಾದ್ಯದ ಮೊಮ್ಮಗ ಅದು. ರೋಬೋ ಮತ್ತು ಸೋರೆಬುರುಡೆ ಒಂದೇ ಪಂಕ್ತಿಯಲ್ಲಿ! ನನ್ನ ಅಂಗಡಿಯ ದಿನಗಳಲ್ಲಾಗಿದ್ದರೆ ಇದು ಯಾವ ರ‍್ಯಾಕಿಗೆ ಅಂತ ತಲೆ ಕೆರೆದುಕೊಳ್ಳುತ್ತಿದ್ದೆ. ಆದರೆ ಕೇಳುವಾಗ ಏನೂ ಎಡವಟ್ಟು ಅನ್ನಿಸುವುದಿಲ್ಲ. ಅವಳ ದನಿ ಅಷ್ಟು ಮೆಲ್ಲಗೆ, ಅವಸರವಿಲ್ಲದೆ ಇದೆ. ಆ ದನಿ ಅಲುಗಾಡದೆ ಕೂತಿರೋದರಿಂದ ಸುತ್ತ ಯಾರು ಬಂದು ಕೂತರೂ ನಡೆಯುತ್ತೆ.

ಐದನೆಯದು ಒಂದೂಕಾಲು ನಿಮಿಷದ ಹಾಡು ಕಣಮ್ಮ. ನೀನು ಖಂಡಿತ ದಾಟಿಸಿರುತ್ತೀಯ. ನನ್ನ ಕೈಗೆ ಸಿಕ್ಕಿದ್ದರೆ ಅದನ್ನು ಕಿತ್ತು ಯಾವುದೋ ಕ್ಯಾಸೆಟ್ಟಿನ ಬಾಲಕ್ಕೆ ಅಂಟಿಸಿಬಿಡುತ್ತಿದ್ದೆ, ಅಳತೆ ಅಷ್ಟು ಸರಿಯಾಗಿದೆ. ದೂರದ ಊರಲ್ಲಿರುವ ಮಗಳು ಅಮ್ಮನನ್ನು ನೆನೆಯುತ್ತಾಳೆ. ಆ ಹೊತ್ತಿಗೆ ಅಮ್ಮ ಅಲ್ಲಿ ಕೂತು ತನ್ನ ಅಮ್ಮನನ್ನು ನೆನೆಯುತ್ತಿರಬಹುದು ಅಂದುಕೊಳ್ಳುತ್ತಾಳೆ. ಅಷ್ಟೇ ಹಾಡು. ಬುಧವಾರ ಸಂಜೆ ನಾನು ಇದನ್ನು ಹಾಕಿದಾಗ ನಿಮ್ಮಮ್ಮ ಪಕ್ಕದಲ್ಲಿ ಕನಕಾಂಬರ ಕಟ್ಟುತ್ತಿದ್ದಳು. ಅವಳಿಗೆ ಇಂಗ್ಲಿಷ್ ಬಾರದು, ಮದರ್ ಅನ್ನೋದು ಮಾತ್ರ ಕಿವಿಗೆ ಬಿದ್ದಿರಬೇಕು. 'ಏನಂತಾಳೆ ಅವಳು?' ಅಂದಳು. ನನಗೆ ತಿಳಿದಷ್ಟು ಹೇಳಿದೆ. ದಾರ ಹಲ್ಲಲ್ಲಿ ಕಚ್ಚಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೆಲಮಂಗಲಕ್ಕೆ ಫೋನು ಹಚ್ಚಿ ನಿಮ್ಮಜ್ಜಿ ಹತ್ತಿರ ಮಂಡಿನೋವಿನ ಸಮಾಚಾರ ಅರ್ಧ ಗಂಟೆ ಮಾತಾಡಿದಳು. ಆರನೇ ಹಾಡು ನಾನು ಕೇಳಲಾಗಲಿಲ್ಲ, ಹೋಗಲಿ.

ಇನ್ನೊಂದು ವಿಷಯ ನೋಡು. ಇರುವುದು ಹದಿಮೂರು ಹಾಡು. ಹೆಚ್ಚಿನವು ಆಗಷ್ಟೇ ಮದುವೆಯಾದ ಹುಡುಗಿಯ ಸಂತೋಷದ ಹಾಡುಗಳು. ಆದರೆ ಸರಿಯಾಗಿ ನಡುಮಧ್ಯೆ, ಏಳನೆಯದಾಗಿ, ಬಿಟ್ಟುಹೋಗುವವನನ್ನು ಕಟ್ಟಿಹಾಕದೆ ಕಳಿಸಿಕೊಡುವ ಹಾಡಿದೆ. ಆ ಕಡೆ ಆರು, ಈ ಕಡೆ ಆರು. ತಕ್ಕಡಿಯ ಮುಳ್ಳು ನಿಂತ ಹಾಗೆ. ಅದೊಂದನ್ನೇ ಕೇಳಿದರೆ ಒಂದು ಅಳುಮುಂಜಿ ಹಾಡು. ಆ ಜಾಗದಲ್ಲಿ ಕೇಳಿದರೆ, ಈಗಿರುವ ಸುಖಕ್ಕೆ ಹಿಂದೆ ಒಂದು ಲೆಕ್ಕ ಚುಕ್ತಾ ಆಗಿದೆ ಅಂತ ತಿಳಿಯುತ್ತೆ. ಹನ್ನೊಂದನೆಯದು ಡಿಸ್ಕೊ. ನನಗೆ ಇವತ್ತಿಗೂ ಒಗ್ಗಿಲ್ಲ, ಒಗ್ಗುವುದೂ ಇಲ್ಲ, ಮದುವೆ ಆರ್ಕೆಸ್ಟ್ರಾದ ನೆನಪು ಬರುತ್ತೆ. ಆದರೂ ದಾಟಿಸುವುದಿಲ್ಲ. ಆ ಗದ್ದಲ ಮುಗಿದ ಮೇಲೆ ಹನ್ನೆರಡನೆಯದಾಗಿ ಆಲ್ಬಂನ ಹೆಸರಿನ ಹಾಡು ಬರುತ್ತಲ್ಲ, ಸಂತೆಯಿಂದ ಮನೆಗೆ ಬಂದು ಚಪ್ಪಲಿ ಬಿಟ್ಟ ಹಾಗಾಗುತ್ತೆ. ಸಂತೆಗೇ ಹೋಗದಿದ್ದರೆ ಆ ಸುಖ ಎಲ್ಲಿಂದ? ಕೊನೆಯದಕ್ಕೆ ಪಿಯಾನೊ ಮತ್ತು ಅವಳ ದನಿ ಬಿಟ್ಟರೆ ಹೆಚ್ಚೇನೂ ಇಲ್ಲ. ಅದಾದ ಮೇಲೆ ಫೋನು ತಾನಾಗಿಯೇ ಇನ್ನಾರದ್ದೋ ಹಾಡಿಗೆ ಓಡುತ್ತದೆ. ಅದನ್ನು ನಿಲ್ಲಿಸುವ ಬಟನ್ನು ಎಲ್ಲಿದೆ ಅಂತ ನಿಮ್ಮಪ್ಪನಿಗೂ ಗೊತ್ತಿಲ್ಲ, ಬಂದಾಗ ತೋರಿಸಿಕೊಡು. ಖಾಲಿ ಇದ್ದರೆ ಇರಲಿ ಅಂದ ಮೇಷ್ಟ್ರು ನೆನಪಾಗುತ್ತಾರೆ.

ಇಷ್ಟೆಲ್ಲ ದೊಡ್ಡ ಮಾತಾಡುವ ದೊಡ್ಡಪ್ಪ ಶಾನೆ ತಾಳ್ಮೆಯವನು ಅಂದುಕೋಬೇಡ. 2008ರಲ್ಲಿ ಮೈಸೂರಿನ ರಘು ದೀಕ್ಷಿತರ ಮೊದಲ ಆಲ್ಬಂ ಬಂತು. ಅಂಗಡಿ ಮುಚ್ಚಿ ಐದು ವರ್ಷವಾಗಿತ್ತು. ಹಳೇ ಗಿರಾಕಿಯೊಬ್ಬ ಸಿಡಿ ತಂದುಕೊಟ್ಟ. ಭರತನಾಟ್ಯ ಕಲಿತು, ಮೈಕ್ರೋಬಯಾಲಜಿ ಓದಿ, ಆಮೇಲೆ ಗಿಟಾರು ಹಿಡಿದವನಂತೆ, ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿ ಹಾಡುತ್ತಾನಂತೆ ಅಂದ. ಇದ್ದದ್ದು ಎಂಟು ಹಾಡು. ಕನ್ನಡ, ಹಿಂದಿ, ಇಂಗ್ಲಿಷು, ಮೂರೂ ಇದೆ. ನಾನು ಎರಡನೇ ಹಾಡಿಗೇ ಎದ್ದುಬಿಟ್ಟೆ. ಶಿಶುನಾಳ ಶರೀಫಜ್ಜನ ಗುಡುಗುಡಿಯ ಪದಕ್ಕೆ ಕರೆಂಟು ಗಿಟಾರು ಹಾಕಿದ್ದಾನೆ ಅಂತ ಕೇಳಿದ್ದೇ ಸಿಟ್ಟಿಗೆ ಸಾಕಾಗಿತ್ತು. ಅಶ್ವತ್ಥರೂ ಶಿವಮೊಗ್ಗ ಸುಬ್ಬಣ್ಣನವರೂ ಹಾಡಿದ ಶರೀಫರ ಕ್ಯಾಸೆಟ್ಟುಗಳನ್ನು ಎಷ್ಟು ಮಾರಿದವನು ನಾನು! ಸಿಡಿಯನ್ನು ತೆಗೆದು ಬೀರುವಿನ ಮೇಲೆ ಎಸೆದೆ. ಎರಡು ವರ್ಷ ಅಲ್ಲೇ ಧೂಳು ತಿಂದಿತು.

ಆಮೇಲೊಂದು ಬೇಸಿಗೆ, ಸೇಲಂನಲ್ಲಿ ಮದುವೆ ಮುಗಿಸಿಕೊಂಡು ನೆಂಟರ ಕಾರಿನಲ್ಲಿ ಬರುತ್ತಿದ್ದೆವು. ತೊಪ್ಪೂರು ಘಾಟಿಯಲ್ಲಿ ಮುಂದೆ ಲಾರಿ ಮಗುಚಿತ್ತು. ಅಲ್ಲಿ ಅದು ದಿನಾ ಇದ್ದದ್ದೇ. ಹಿಂದೆ ಮುಂದೆ ಗಾಡಿ, ಒಂದು ಗಂಟೆ ಅಲ್ಲಾಡಲಿಲ್ಲ. ಕಾರು ಓಡಿಸುತ್ತಿದ್ದ ಹುಡುಗ ಅದೇ ಆಲ್ಬಂ ಹಾಕಿದ. ಎದ್ದು ಹೋಗೋಣ ಅಂದರೆ ಒಂದು ಕಡೆ ಪ್ರಪಾತ, ಇನ್ನೊಂದು ಕಡೆ ಲಾರಿ. ಕೂತು ಕೇಳಿದೆ. ಎಂಟೂ ಕೇಳಿದೆ. ಹಿಂದಿ ಹಾಡುಗಳ ನಡುವೆ ಕನ್ನಡದ್ದು ಬಂದಾಗ, ಜನಜಂಗುಳಿಯಲ್ಲಿ ನಮ್ಮೂರಿನವರು ಯಾರೋ ಹೆಗಲ ಮೇಲೆ ಕೈ ಇಟ್ಟ ಹಾಗಾಯಿತು. ಸೋರುವ ಮಾಳಿಗೆಯ ಪದವನ್ನು ಅವನು ಹಾಡಿದ್ದು ಕೇಳಿ ಇಲ್ಲಪ್ಪ, ಈತ ಶರೀಫರನ್ನು ಬಳಸಿಕೊಳ್ಳುತ್ತಿಲ್ಲ, ನಂಬಿಯೇ ಹಾಡುತ್ತಿದ್ದಾನೆ ಅನ್ನಿಸಿತು. ಗಿಟಾರು, ಪಿಟೀಲು ಎಲ್ಲವೂ ಆ ಪದಕ್ಕೆ ತಲೆಬಾಗಿಯೇ ಇದ್ದವು. ಶರೀಫರಾದರೂ ಏನು, 1819ರಿಂದ 1889ರವರೆಗೆ ಬಾಳಿದ ಆ ಮನುಷ್ಯ ಮುಸಲ್ಮಾನರ ಮನೆಯಲ್ಲಿ ಹುಟ್ಟಿ ಕಳಸದ ಗೋವಿಂದಭಟ್ಟರನ್ನು ಗುರು ಅಂದವರು. ಹುಕ್ಕಾ, ಮಾಳಿಗೆ, ಬಿತ್ತನೆ ಏನು ಕಣ್ಣಿಗೆ ಬಿದ್ದರೂ ಪದ ಕಟ್ಟಿದವರು. ಅವರ ಪದ ಯಾವ ವಾದ್ಯಕ್ಕೆ ಮೈಲಿಗೆಯಾದೀತು? ಆ ಆಲ್ಬಂನ ಇಂಗ್ಲಿಷು ಹಾಡುಗಳು ನನಗೆ ಈಗಲೂ ಅಷ್ಟಕ್ಕಷ್ಟೇ. ಇರಲಿ. ಆಮೇಲೆ ಅವರ ತಂಡ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲೂ 2011ರಲ್ಲಿ ಕಾರ್ಯಕ್ರಮ ಕೊಟ್ಟಿತು. ಶಿಶುನಾಳದಿಂದ ಗ್ಲಾಸ್ಟನ್‌ಬರಿಗೆ ಹೋದ ದಾರಿ ನನ್ನ ಬೀರುವಿನ ಮೇಲೆ ಎರಡು ವರ್ಷ ಬಿದ್ದಿತ್ತು ನೋಡು.

ನಿನಗೆ ಈ ಬೆರಕೆ ಆಲ್ಬಂಗಳು ಕಿರಿಕಿರಿ ಅನ್ನಿಸುತ್ತವೆ, 'ಇದು ಏನು ಅಂತಲೇ ಗೊತ್ತಾಗಲ್ಲ' ಅನ್ನುತ್ತೀಯ. ಉದ್ದನಪಲ್ಲಿಯಲ್ಲಿ ಹುಟ್ಟಿದವಳು ಆಡುವ ಮಾತಾ ಇದು? ಮನೆಯಲ್ಲಿ ಕನ್ನಡ, ತೋಟದ ಆಳುಗಳ ಹತ್ತಿರ ತೆಲುಗು, ಇಸ್ಕೂಲು ಆಫೀಸಿನಲ್ಲಿ ತಮಿಳು. ನಿಮ್ಮಜ್ಜಿ ದನಕ್ಕೆ ಬೈಯುವುದು ತೆಲುಗಿನಲ್ಲಿ, ದೇವರಿಗೆ ಕೈಮುಗಿಯುವುದು ಕನ್ನಡದಲ್ಲಿ, ಬಸ್ ಕಂಡಕ್ಟರಿಗೆ ಚಿಲ್ಲರೆ ಕೇಳುವುದು ತಮಿಳಿನಲ್ಲಿ. ನಮ್ಮ ಭಜನೆಯಲ್ಲಿ ಹಾಡುತ್ತಿದ್ದ ಕೈವಾರ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಪದ ಕಟ್ಟಿದವರು. ಯಾವುದು ಯಾವ ಭಾಷೆ ಅಂತ ಯಾರಾದರೂ ನಿಂತು ಕೇಳಿದ್ದನ್ನು ನಾನು ಕಾಣೆ, ತಾಳ ತಪ್ಪಿದರೆ ಮಾತ್ರ ಕೇಳುತ್ತಿದ್ದರು. ಹಾಗಂತ ಬೆರೆಸಿದ್ದೆಲ್ಲ ಚೆನ್ನ ಅಂತಲೂ ಅಲ್ಲ. ಫ್ಯೂಷನ್ ಅಂತ ಹೇಳಿಕೊಂಡು ಕೀಬೋರ್ಡಿನ ಮೇಲೆ ತಮಟೆ ಸುರಿದು ಮಾರುವವರು ಬೇಕಾದಷ್ಟು ಜನ ಇದ್ದಾರೆ. ನಾನು ಮಾಡುವ ಪರೀಕ್ಷೆ ಒಂದೇ: ವಾದ್ಯವೆಲ್ಲ ನಿಂತಾಗ ಹಾಡುವವರ ದನಿಯಲ್ಲಿ ಅವರ ಊರು ಉಳಿದಿದೆಯಾ ನೋಡು. ಕೇಸಿಯ ದನಿಯಲ್ಲಿ ಗೆಣಸಿನ ಊರು ಇದೆ.

ಹೇಗೆ ಕೇಳಬೇಕು ಅಂತಲೂ ಹೇಳಿಬಿಡುತ್ತೇನೆ. ಕಿವಿಗೆ ಸಿಕ್ಕಿಸಿಕೊಳ್ಳುವ ಆ ಬಿಳಿ ಬಿರಡೆ ಬೇಡ. ತಾರಸಿ ಮೇಲೆ ಚಾಪೆ ಹಾಸು. ಫೋನನ್ನು ಹಿತ್ತಾಳೆ ತಪ್ಪಲೆಯೊಳಗೆ ನಿಲ್ಲಿಸಿದರೆ ಸದ್ದು ದಪ್ಪವಾಗುತ್ತೆ ಅಂತ ನಾನು ಕಂಡುಕೊಂಡಿದ್ದೇನೆ. ಸ್ಟೀಲಿನದು ಬೇಡ, ಕೀರಲು ಬರುತ್ತೆ. ಮಣ್ಣಿನ ಮಡಕೆ ಇನ್ನೂ ವಾಸಿ, ಆದರೆ ನಿಮ್ಮಮ್ಮ ಕೊಡುವುದಿಲ್ಲ. ಮೇ ತಿಂಗಳಲ್ಲಿ ಇಲ್ಲಿ ಆರೂ ಮುಕ್ಕಾಲಿನ ಹೊತ್ತಿಗೆ ಹೊತ್ತು ಮುಳುಗುತ್ತೆ. ಆರೂ ಹತ್ತಕ್ಕೆ ಶುರುಮಾಡು. ಒಟ್ಟು ಮುಕ್ಕಾಲು ಗಂಟೆಯ ಆಲ್ಬಂ, ನನ್ನ ತೊಂಬತ್ತರ ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಹೆಚ್ಚೂಕಡಿಮೆ ಸರಿಹೋಗುವಷ್ಟು. ಮೊದಲನೇ ಹಾಡಿಗೆ ಬಿಸಿಲು ಇನ್ನೂ ಮಾವಿನ ಮರದ ನೆತ್ತಿಯ ಮೇಲಿರುತ್ತೆ. ತಕ್ಕಡಿ ಮುಳ್ಳಿನ ಹಾಡಿನ ಹೊತ್ತಿಗೆ ಹುಣಸೆ ಮರದ ಹಿಂದಕ್ಕೆ ಇಳಿದಿರುತ್ತೆ. ಪಿಯಾನೊದ ಹಾಡಿಗೆ ರಾಯಕೋಟೆ ರಸ್ತೆಯ ಲಾರಿಗಳ ದೀಪ ಒಂದೊಂದೇ ಹತ್ತಿಕೊಳ್ಳುತ್ತೆ.

ಇದಕ್ಕೆ ಬೇಸಿಗೆಯೇ ಆಗಬೇಕು. ರಾಗಿ ತೆನೆ ಕಟ್ಟುವ ಕಾಲಕ್ಕೆ ಸಾನಮಾವು ಕಾಡಿಗೆ ಆನೆ ಬಂದು ಇಳಿದರೆ ಸಂಜೆಯ ನಂತರ ನಮ್ಮ ಸಂಗೀತವೇ ಬೇರೆ. ತಗಡು ಬಡಿಯುವುದು, ಪಟಾಕಿ, ಕೂಗು. ಆಗ ತಾರಸಿ ಮೇಲೆ ಕೂತರೂ ಕಿವಿಯೆಲ್ಲ ಹೊಲದ ಕಡೆಗೇ. ಈಗ ಆ ಕಾಟವಿಲ್ಲ. ಹೊಲ ಬರಿದು, ಗಾಳಿ ತಂಪು, ಮಾವು ಹಣ್ಣಾಗುತ್ತಿದೆ.

ಈ ಶನಿವಾರ ಬರುವಾಗ ಆ ಗೆಳತಿಯನ್ನೂ ಕರೆದುಕೊಂಡು ಬಾ. ಆಲ್ಬಂ ಕಳಿಸಿದವಳಿಗೆ ಒಂದು ಹೊತ್ತು ಮುದ್ದೆ ಉಪ್ಪೆಸರು ಹಾಕದಿದ್ದರೆ ಹೇಗೆ? ರಘು ದೀಕ್ಷಿತರ ಸಿಡಿ ಒರೆಸಿ ಇಟ್ಟಿದ್ದೇನೆ, ಹಾಕೋಕೆ ಪ್ಲೇಯರು ಮಾತ್ರ ಕೆಟ್ಟಿದೆ, ನಿನ್ನ ಫೋನಿನಲ್ಲೇ ಹುಡುಕು. ಮಳೆ ಮೋಡ ಕಟ್ಟಿದರೆ ಆರಕ್ಕೇ ಕರೆಂಟು ತೆಗೆಯುತ್ತಾರೆ, ಹೊಸೂರಲ್ಲೇ ಫೋನಿಗೆ ಚಾರ್ಜು ತುಂಬಿಸಿಕೊಂಡು ಬಾ. ತಪ್ಪಲೆ ತೊಳೆದಿಟ್ಟಿರುತ್ತೇನೆ.

ನಿನ್ನ,
ದೊಡ್ಡಪ್ಪ